ಗರಿಗರಿಯಾಗಬಾರದ ವಾಫೆಲ್

ನಾಲ್ಕು ವರ್ಷಗಳ ಹಿಂದೆ, ಮೇ ತಿಂಗಳ ಮೊದಲ ವಾರದಲ್ಲಿ, ಮಗಳ ಶಾಲೆಯ ಬ್ಯಾಂಡಿನ ಪೋಷಕರ ಗುಂಪಿನಿಂದ ನನಗೊಂದು ಸಂದೇಶ ಬಂತು. ಶನಿವಾರ ಬೆಳಗ್ಗೆ ಹತ್ತಕ್ಕೆ ಪ್ರತಿ ಮನೆಯವರೂ ಎರಡು ಲೀಟರ್ ವಾಫೆಲ್ ಹಿಟ್ಟು ಕಲಸಿಕೊಂಡು ಬರಬೇಕು, ಅಚ್ಚು ಇದ್ದವರು ಅದನ್ನೂ ತರಬೇಕು ಎಂದು ಅದರಲ್ಲಿತ್ತು. ಹಿಟ್ಟನ್ನು ಹೇಗೆ ಕಲಸಬೇಕೆಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಮ್ಮೂರ ಕಡೆ ದೇವಸ್ಥಾನದ ಕೆಲಸಕ್ಕೆ ಬರುವವರಿಗೆ ‘ಒಂದು ಪಾತ್ರೆ ಚಿತ್ರಾನ್ನ ಮಾಡಿಕೊಂಡು ಬನ್ನಿ’ ಎಂದರೆ ಯಾರೂ ಒಗ್ಗರಣೆಗೆ ಏನೇನು ಹಾಕಬೇಕೆಂದು ಕೇಳುವುದಿಲ್ಲವಲ್ಲ, ಹಾಗೆಯೇ ನಾರ್ವೆಯಲ್ಲಿ ವಾಫೆಲ್ ಹಿಟ್ಟು ಎಲ್ಲರಿಗೂ ಬರುತ್ತದೆ ಎಂದೇ ಲೆಕ್ಕ. ನನಗೆ ಬರುತ್ತಿರಲಿಲ್ಲ. ಆದರೂ ಕೇಳುವುದಕ್ಕೆ ಸಂಕೋಚವಾಯಿತು. ಅದಕ್ಕಿಂತ ಹೆಚ್ಚಾಗಿ, ಹದಿನೈದನೆಯ ವಯಸ್ಸಿನಿಂದ ದೋಸೆ ಎರೆಯುತ್ತ ಬಂದವಳಿಗೆ ಇದೇನು ಮಹಾ ಎಂಬ ಗರ್ವವೂ ಒಳಗೊಳಗೇ ಇತ್ತು.

ನಾವಿರುವುದು ಬರ್ಗನ್‌ನಲ್ಲಿ. ನಾರ್ವೆಯ ಪಶ್ಚಿಮ ಕರಾವಳಿಯ ಈ ಊರಿನಲ್ಲಿ ವರ್ಷದ ಹೆಚ್ಚಿನ ದಿನಗಳು ಮಳೆಯವೇ ಆದ್ದರಿಂದ, ಸಕಲೇಶಪುರದ ಕಡೆಯವಳಾದ ನನಗೆ ಹವೆಯಲ್ಲಿ ಹೊಸತೇನೂ ಕಾಣಲಿಲ್ಲ. ಬಂದ ಮೊದಲ ಎರಡು ವರ್ಷಗಳಲ್ಲಿ ಎಲ್ಲೆಲ್ಲೂ ವಾಫೆಲ್ ತಿಂದಿದ್ದೆ: ಗಂಡನ ಕಚೇರಿಯ ಶುಕ್ರವಾರದ ಕಾಫಿಯ ಜೊತೆಗೆ, ಮಕ್ಕಳ ಫುಟ್‌ಬಾಲ್ ಮೈದಾನದ ಅಂಚಿನ ಗೂಡಂಗಡಿಯಲ್ಲಿ, ಭಾನುವಾರ ಬೆಟ್ಟ ಹತ್ತಿ ಬಂದವರಿಗಾಗಿ ತೆರೆಯುವ ಮರದ ಕುಟೀರದಲ್ಲಿ. ಐದು ಹೃದಯಗಳು ತಮ್ಮ ಚೂಪು ತುದಿಗಳನ್ನು ನಡುವಿಗೆ ಮಾಡಿ ಕೂಡಿಕೊಂಡು ಐದೆಸಳಿನ ಹೂವಿನಂತೆ ಕಾಣುವ, ಬೆರಳಿನ ದಪ್ಪವೂ ಇಲ್ಲದ ತಿಂಡಿ ಅದು. ನೋಡುವುದಕ್ಕೆ ಚೆಂದ, ಪರಿಮಳವೂ ಹಿತ, ಆದರೆ ಎತ್ತಿ ಹಿಡಿದರೆ ತುದಿಗಳು ಜೋತು ಬೀಳುತ್ತಿದ್ದವು. ಸರಿಯಾಗಿ ಬೇಯಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಕಾದ ಕಾವಲಿಯಿಂದ ಏಳುವಾಗ ಸದ್ದು ಮಾಡದ ದೋಸೆ ನಮ್ಮ ಕಣ್ಣಿಗೆ ಕೆಟ್ಟ ದೋಸೆ; ಅದೇ ಕಣ್ಣಿನಿಂದ ನಾನು ಇವರ ವಾಫೆಲ್ಲನ್ನೂ ನೋಡುತ್ತಿದ್ದೆ.

ಹೀಗಾಗಿ ಆ ಶನಿವಾರಕ್ಕೆ ನಾನು ಹಿಟ್ಟನ್ನು ‘ಸುಧಾರಿಸಿದೆ’. ಮೈದಾದಲ್ಲಿ ಮೂರನೆಯ ಒಂದು ಪಾಲು ತೆಗೆದು ಅಕ್ಕಿ ಹಿಟ್ಟು ಹಾಕಿದೆ, ಅರ್ಧ ಹಾಲಿನ ಬದಲು ನೀರು ಬಳಸಿದೆ, ಸಕ್ಕರೆ ಮತ್ತು ಬೆಣ್ಣೆಯನ್ನು ಆರೋಗ್ಯದ ಹೆಸರಿನಲ್ಲಿ ಅರ್ಧಕ್ಕೆ ಇಳಿಸಿದೆ. ಎರಡು ಹಾಲಿನ ಬಾಟಲಿಗಳಲ್ಲಿ ತುಂಬಿಸಿಕೊಂಡು ಹೋದ ಆ ಹಿಟ್ಟು ಶಾಲೆಯ ಅಂಗಳದಲ್ಲಿ ಏನೇನು ಮಾಡಿತು ಎಂಬುದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅಚ್ಚಿನ ಬಳಿ ನಿಂತಿದ್ದವರು ಟ್ರಂಬೋನ್ ನುಡಿಸುವ ಹುಡುಗನೊಬ್ಬನ ತಂದೆ. ಅವರು ಮುಚ್ಚಳ ಎತ್ತಿದಾಗ ವಾಫೆಲ್ ಎರಡು ಹಾಳೆಗಳಾಗಿ ಸೀಳಿ, ಅರ್ಧ ಮೇಲಿನ ತಟ್ಟೆಗೂ ಅರ್ಧ ಕೆಳಗಿನ ತಟ್ಟೆಗೂ ಅಂಟಿಕೊಂಡಿತ್ತು. ಮರದ ಕಡ್ಡಿಯಿಂದ ಗೀರುಗಳನ್ನು ಒಂದೊಂದಾಗಿ ಕೆರೆದು ತೆಗೆದು, ಬೆಣ್ಣೆ ಸವರಿ, ಅವರು ಇನ್ನೊಂದು ಎರೆದರು. ಅದು ಬಿಟ್ಟುಕೊಂಡಿತು, ಆದರೆ ಆರಿದ ಮೇಲೆ ಹಪ್ಪಳದಂತೆ ಬಿರುಸಾಗಿ, ಜಾಮ್ ಹಾಕಿ ಮಡಚಲು ಹೋದ ಹುಡುಗಿಯ ಕೈಯಲ್ಲಿ ಮೂರು ತುಂಡಾಯಿತು. ಯಾರೂ ಏನೂ ಅನ್ನಲಿಲ್ಲ. ನನ್ನ ಬಾಟಲಿಯ ಉಳಿದ ಹಿಟ್ಟನ್ನು ಇನ್ನೊಬ್ಬರ ಬಕೆಟ್ಟಿಗೆ ಮೆಲ್ಲಗೆ ಸುರಿದು ಕಲಸಿಬಿಟ್ಟರು. ಸುಮ್ಮನಿರುವುದರಲ್ಲಿ ನಾರ್ವೆಯವರ ಸೌಜನ್ಯವನ್ನು ಮೀರಿಸುವವರಿಲ್ಲ. ಅದರಿಂದ ನಾಚಿಕೆಯೂ ಇಮ್ಮಡಿಯಾಗುತ್ತದೆ.

ಆ ದಿನ ನಡೆದದ್ದು ಒಂದು ‘ದುಗ್ನಾಡ್’. ಬ್ಯಾಂಡಿನ ಮಕ್ಕಳ ಸಮವಸ್ತ್ರಕ್ಕೂ ವಾದ್ಯಗಳ ದುರಸ್ತಿಗೂ ಹಣ ಕೂಡಿಸುವ ಸಲುವಾಗಿ ಪೋಷಕರೆಲ್ಲ ಸೇರಿ ಸಂಬಳವಿಲ್ಲದೆ ದುಡಿಯುವ ದಿನ. ಮಲೆನಾಡಿನವರಿಗೆ ಮುಯ್ಯಾಳು ಎಂದರೆ ಹತ್ತಿರದಲ್ಲಿ ಅರ್ಥವಾದೀತು, ಆದರೆ ಮುಯ್ಯಾಳಿನಲ್ಲಿ ಇವತ್ತು ನಿಮ್ಮ ಗದ್ದೆ ನಾಳೆ ನಮ್ಮ ಗದ್ದೆ ಎಂಬ ಲೆಕ್ಕವಿದೆ, ದುಗ್ನಾಡಿನಲ್ಲಿ ಗದ್ದೆ ಎಲ್ಲರದೂ. ಈ ಪದದ ಮೇಲೆ ಇಲ್ಲಿಯವರಿಗೆ ಎಷ್ಟು ಮಮತೆಯೆಂದರೆ, 2004ರಲ್ಲಿ ದೂರದರ್ಶನ ಕಾರ್ಯಕ್ರಮವೊಂದರಲ್ಲಿ ಅದನ್ನೇ ರಾಷ್ಟ್ರದ ಪದವೆಂದು ಆರಿಸಿದ್ದರು. ದುಗ್ನಾಡ್ ಇದ್ದಲ್ಲಿ ವಾಫೆಲ್ ಇರುತ್ತದೆ. ಮೇ 17ರ ಸಂವಿಧಾನ ದಿನದಂದು ಶಾಲೆಗಳ ಬ್ಯಾಂಡುಗಳು ಬೀದಿಗಿಳಿದು ನುಡಿಸುತ್ತವೆ, ಅವುಗಳ ಖರ್ಚಿನ ಒಂದು ಪಾಲು ಹೀಗೆ ಹಿಟ್ಟಿನ ಬಕೆಟ್ಟುಗಳಿಂದಲೇ ಹುಟ್ಟುತ್ತದೆ. ಬೆಳಗ್ಗೆ ಹತ್ತಕ್ಕೆ ಬೇಯಿಸಲು ತೊಡಗಿ ರಾಶಿ ಹಾಕಿದ ವಾಫೆಲ್ಲನ್ನು ಮಧ್ಯಾಹ್ನ ಎರಡಕ್ಕೆ ಬಂದವನೂ ಕೊಂಡು ತಿನ್ನಬೇಕು, ಒಂದು ಕೈಯಲ್ಲಿ ಕಾಗದದ ಕರವಸ್ತ್ರದೊಳಗೆ ಮಡಚಿ ಹಿಡಿದು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು, ನಡೆಯುತ್ತಲೇ ತಿನ್ನಬೇಕು. ಗರಿಗರಿಯಾದದ್ದು ಈ ಕೆಲಸಕ್ಕೆ ಬಾರದು. ಇದು ನನಗೆ ಹೊಳೆಯಲು ಇನ್ನೂ ಕೆಲವು ದಿನ ಬೇಕಾದವು.

ಹೊಳೆಯಿಸಿದವರು ನಮ್ಮ ಪಕ್ಕದ ಮನೆಯ ಹಿರಿಯ ಮಹಿಳೆ. ಇಲ್ಲಿ ಎಂಬತ್ತು ದಾಟಿದವರನ್ನೂ ಹೆಸರು ಹಿಡಿದು, ಏಕವಚನದಲ್ಲಿಯೇ ಕರೆಯಬೇಕು. ನಾಲಿಗೆ ಹಾಗೆ ಕರೆದರೂ ಮನಸ್ಸಿನಲ್ಲಿ ನಾನು ಅವರನ್ನು ಅಜ್ಜಿ ಎಂದೇ ಕರೆಯುತ್ತೇನೆ. ಶನಿವಾರದ ಕಥೆಯನ್ನು ಹೇಳಿಕೊಂಡಾಗ ಅವರು ನಕ್ಕು, ಮರುದಿನ ಮನೆಗೆ ಕರೆದು, ಒಂದು ಬಟ್ಟಲು, ತಂತಿಯ ಕಡೆಗೋಲು ಮತ್ತು ಡೆಸಿಲೀಟರ್ ಗುರುತುಗಳಿದ್ದ ಹಳೆಯ ಅಳತೆಯ ಲೋಟವನ್ನು ಮೇಜಿನ ಮೇಲಿಟ್ಟರು. ನಾರ್ವೆಯ ಅಡುಗೆಮನೆಗಳಲ್ಲಿ ಹಿಟ್ಟನ್ನೂ ಸಕ್ಕರೆಯನ್ನೂ ಡೆಸಿಲೀಟರಿನಲ್ಲಿಯೇ, ಅಂದರೆ ನೂರು ಮಿಲಿಲೀಟರಿನ ಲೆಕ್ಕದಲ್ಲಿಯೇ ಅಳೆಯುತ್ತಾರೆ. ನಮ್ಮ ಪಾವು, ಅಚ್ಚೇರುಗಳಂತೆ ಇದೂ ತೂಕದ ಗೊಡವೆಯಿಲ್ಲದ ಪದ್ಧತಿಯಾದ್ದರಿಂದ ನನಗೆ ಬೇಗ ಒಗ್ಗಿತು.

ಅವರ ಅಳತೆ ಇಷ್ಟು. ಮೂರು ಮೊಟ್ಟೆ, ಒಂದು ಡೆಸಿಲೀಟರ್ ಸಕ್ಕರೆ, ಅರ್ಧ ಲೀಟರ್ ಹಾಲು, ಐದು ಡೆಸಿಲೀಟರ್ ಮೈದಾ (ತೂಗಿದರೆ ಸುಮಾರು 300 ಗ್ರಾಂ), ಒಂದು ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಕರಗಿಸಿದ ಬೆಣ್ಣೆ 100 ಗ್ರಾಂ. ಇದರಿಂದ ಹತ್ತಿರ ಹತ್ತಿರ ಒಂದು ಲೀಟರ್ ಹಿಟ್ಟಾಗುತ್ತದೆ, ಒಂದು ವಾಫೆಲ್ಲಿಗೆ ಒಂದು ಡೆಸಿಲೀಟರಿನಂತೆ ಎಂಟರಿಂದ ಹತ್ತು ಆಗುತ್ತವೆ. ಹಾಲಿನಲ್ಲಿ ಅರ್ಧವನ್ನು ಬಿಟ್ಟು ಅದರ ಬದಲು ‘ಕುಲ್ಟೂರ್‌ಮೆಲ್ಕ್’ ಎಂಬ ಹುಳಿ ಹಾಲನ್ನೋ, ಹುಳಿಕೆನೆಯನ್ನೋ ಹಾಕುವವರಿದ್ದಾರೆ, ಆಗ ವಾಫೆಲ್ ಇನ್ನಷ್ಟು ಮೆದುವಾಗುತ್ತದೆ. ನಮ್ಮ ಕಡೆಯ ಗಟ್ಟಿ ಮಜ್ಜಿಗೆಯೂ ಅದೇ ಕೆಲಸ ಮಾಡುತ್ತದೆ ಎಂಬುದನ್ನು ಆಮೇಲೆ ನಾನೇ ಮಾಡಿ ನೋಡಿದ್ದೇನೆ.

ಕಲಸುವ ಕ್ರಮದಲ್ಲಿ ಗಮನಿಸಬೇಕಾದ ಸಂಗತಿಗಳು ಕೆಲವೇ. ಮೊಟ್ಟೆ ಮತ್ತು ಸಕ್ಕರೆಯನ್ನು ಸಕ್ಕರೆ ಕರಗುವವರೆಗೆ ಕಡೆದು, ಹಿಟ್ಟನ್ನೂ ಹಾಲನ್ನೂ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಸೇರಿಸಿದರೆ ಗಂಟಾಗುವುದಿಲ್ಲ. ಹಿಟ್ಟು ಸೇರಿದ ಮೇಲೆ ಜೋರಾಗಿ ಕಡೆಯಬಾರದು, ಕಡೆದಷ್ಟೂ ಗೋಧಿಯ ಜಿಗುಟು ಬಲಿತು ವಾಫೆಲ್ ರಬ್ಬರಿನಂತಾಗುತ್ತದೆ. ಹಾಲು ಫ್ರಿಜ್ಜಿನಿಂದ ಆಗತಾನೇ ತೆಗೆದದ್ದಾಗಿದ್ದರೆ ಕರಗಿದ ಬೆಣ್ಣೆ ಅದಕ್ಕೆ ಬಿದ್ದೊಡನೆ ಚಳಿಗಾಲದ ತುಪ್ಪದಂತೆ ಹೆಪ್ಪುಗಟ್ಟಿ ಹರಳು ಹರಳಾಗುತ್ತದೆ, ಆದ್ದರಿಂದ ಹಾಲು ಮೊಟ್ಟೆಗಳೆರಡನ್ನೂ ಒಂದು ತಾಸು ಮೊದಲೇ ಹೊರಗಿಡಬೇಕು. ಬೆಣ್ಣೆ ಕೊನೆಗೆ. ಎಲ್ಲ ಮುಗಿದ ಮೇಲೆ ಬಟ್ಟಲನ್ನು ಮುಚ್ಚಿ ಅರ್ಧ ತಾಸು ಮುಟ್ಟದೆ ಬಿಡಬೇಕು. ಅಜ್ಜಿ ಈ ಅರ್ಧ ತಾಸಿನ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಹಿಟ್ಟಿಗೆ ಕುಡಿಯಲು ಸಮಯ ಕೊಡಬೇಕು ಎನ್ನುತ್ತಾರೆ. ಮೈದಾ ಹಾಲನ್ನು ಹೀರಿ ಉಬ್ಬುವುದರಿಂದ, ಮೊದಲು ನೀರುದೋಸೆಯ ಹಿಟ್ಟಿನಂತಿದ್ದದ್ದು ಅರ್ಧ ತಾಸಿನಲ್ಲಿ ನೀರುದೋಸೆಗೂ ಉದ್ದಿನ ದೋಸೆಗೂ ನಡುವಿನ ಹದಕ್ಕೆ ಬರುತ್ತದೆ. ಶಾಲೆಯಲ್ಲಿ ನನ್ನ ಹಿಟ್ಟು ಸೀಳಿದ್ದಕ್ಕೆ ಇದೂ ಒಂದು ಕಾರಣ: ಮೈದಾ, ಬೆಣ್ಣೆ ಕಡಿಮೆಯಾಗಿ, ಕುಡಿಯಲು ಹೊತ್ತೂ ಸಿಗದೆ, ಅದಕ್ಕೆ ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿಯೇ ಇರಲಿಲ್ಲ.

ಅಚ್ಚಿಗೆ ನಾರ್ವೆಯವರು ‘ವಾಫೆಲ್‌ಯೆರ್ನ್’, ಅಂದರೆ ವಾಫೆಲ್ಲಿನ ಕಬ್ಬಿಣ, ಎನ್ನುತ್ತಾರೆ. ಈಗ ಎಲ್ಲರ ಮನೆಯಲ್ಲೂ ವಿದ್ಯುತ್ತಿನದೇ ಇದೆ, ಆದರೆ ಹೆಸರು ಉದ್ದನೆಯ ಹಿಡಿಯ ಎರಕದ ಅಚ್ಚನ್ನು ಒಲೆಯ ಉರಿಯ ಮೇಲೆ ಹಿಡಿದು ಮಗುಚುತ್ತಿದ್ದ ಕಾಲದ್ದು. ಬೆಲ್ಜಿಯಂ ಬಗೆಯ ವಾಫೆಲ್ ಅಚ್ಚಿನಲ್ಲಿ ಗುಳಿಗಳು ಆಳವಾಗಿರುತ್ತವೆ, ಹಿಟ್ಟನ್ನು ಈಸ್ಟಿನಿಂದಲೋ ಕಡೆದ ಬಿಳಿಭಾಗದಿಂದಲೋ ಉಬ್ಬಿಸುತ್ತಾರೆ, ಹೊರಗೆ ಗರಿಗರಿಯಾಗಿ ಒಳಗೆ ಹಗುರವಾಗಿರುವುದೇ ಅದರ ಗುರಿ. ನಾರ್ವೆಯ ಅಚ್ಚಿನ ಗೀರುಗಳು ಮೇಲುಮೇಲಿನವು. ಬೆಂಗಳೂರಿನ ಮಾಲುಗಳಲ್ಲಿ ಚಾಕೊಲೇಟ್ ಸುರಿದು ಕೊಡುವುದನ್ನು ತಿಂದವರು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದರೆ ನನ್ನ ಹಾಗೆ ಮೋಸ ಹೋಗುತ್ತಾರೆ.

ಅಚ್ಚು ಚೆನ್ನಾಗಿ ಕಾದ ಮೇಲೆ ಬೆಣ್ಣೆ ಸವರಿ, ಸೌಟಿನ ಹಿಟ್ಟನ್ನು ನಡುವಿಗೆ ಎರೆದು ಮುಚ್ಚಬೇಕು. ಅಂಚಿಗೆ ಹರಡುವ ಕೆಲಸವನ್ನು ಮುಚ್ಚಳದ ಭಾರವೇ ಮಾಡುತ್ತದೆ. ದೋಸೆಯ ಅಭ್ಯಾಸದಿಂದ ಸೌಟನ್ನು ಸುತ್ತಿಸಲು ಹೋದ ನನ್ನ ಕೈಯನ್ನು ಅಜ್ಜಿ ಎರಡು ಸಲ ಹಿಡಿದು ನಿಲ್ಲಿಸಿದರು. ಮುಚ್ಚಿದ ಕೂಡಲೇ ಅಚ್ಚಿನ ಸಂದಿಯಿಂದ ಆವಿ ಭುಸುಗುಡುತ್ತದೆ. ಒಂದೂವರೆ ನಿಮಿಷದವರೆಗೆ ಮುಚ್ಚಳ ಎತ್ತಲೇಬಾರದು, ಎತ್ತಿದರೆ ಸೀಳುತ್ತದೆ. ಎರಡರಿಂದ ಮೂರು ನಿಮಿಷದ ಹೊತ್ತಿಗೆ ಆವಿ ತೆಳುವಾಗುತ್ತ ಬರುತ್ತದೆ. ಆವಿ ಪೂರ್ತಿ ನಿಂತಿತೆಂದರೆ ವಾಫೆಲ್ಲಿನ ಒಳಗಿನ ತೇವ ಹೋಯಿತೆಂದು ಅರ್ಥ, ಅದು ಗರಿಗರಿಯಾಗುವುದು ಆಗಲೇ. ಅಜ್ಜಿ ಮಾತ್ರ ಆವಿ ಇನ್ನೂ ಒಂದೆಳೆಯಷ್ಟು ಏಳುತ್ತಿರುವಾಗ, ಬಣ್ಣ ಹೊಂಬಣ್ಣಕ್ಕೆ ತಿರುಗಿದೊಡನೆ ತೆಗೆಯುತ್ತಾರೆ. ಅಚ್ಚಿನ ಬಿಸಿ ಕಡಿಮೆಯಿದ್ದರೆ ಬಣ್ಣ ಬರುವಷ್ಟರಲ್ಲಿ ಒಣಗಿಹೋಗುತ್ತದೆ, ಆದ್ದರಿಂದ ಮೆದುವಾಗಬೇಕೆಂದು ಉರಿ ತಗ್ಗಿಸುವುದು ತಪ್ಪು. ಬಿಸಿ ಜಾಸ್ತಿಯೇ ಇರಬೇಕು, ಹೊತ್ತು ಕಡಿಮೆ ಇರಬೇಕು. ಮೊದಲನೆಯದು ಇಲ್ಲಿಯೂ ಕೆಡುತ್ತದೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ತೆಗೆದ ವಾಫೆಲ್ಲನ್ನು ಅವರು ಒಂದು ನಿಮಿಷ ತಂತಿಯ ಜಾಲರಿಯ ಮೇಲಿಟ್ಟು, ಮೈಮೇಲಿನ ಆವಿ ಹಾರಿದ ಮೇಲೆ, ಒಂದರ ಮೇಲೊಂದು ಪೇರಿಸಿ ಹತ್ತಿಯ ಬಟ್ಟೆ ಮುಚ್ಚಿದರು. ನನಗೆ ಕೈ ತಡೆಯಿತು. ಬಿಸಿ ದೋಸೆಯನ್ನು ಹೀಗೆ ಪೇರಿಸಿದರೆ ನನ್ನಮ್ಮ ಬೈಯುತ್ತಿದ್ದರು. ಆಗ ಅಜ್ಜಿ ಬಟ್ಟೆಯ ತುದಿಯನ್ನು ರಾಶಿಯ ಕೆಳಗೆ ಸಿಕ್ಕಿಸಿದ ಬಗೆ ಕಣ್ಣಿಗೆ ಬಿದ್ದು, ಇದನ್ನು ಎಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ನೋಡಿದ್ದು ನಮ್ಮ ಮನೆಯಲ್ಲಿಯೇ. ಉಕ್ಕರಿಸಿದ ಹಿಟ್ಟಿನ ಅಕ್ಕಿರೊಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿ ತೆಗೆದು, ಪೇರಿಸಿ, ಬಟ್ಟೆಯಲ್ಲಿ ಸುತ್ತಿ ಬೆತ್ತದ ಬುಟ್ಟಿಯಲ್ಲಿಡುವುದು ಮೆದುವಾಗಿ ಉಳಿಯಲೆಂದೇ ಅಲ್ಲವೆ? ತೋಟದ ಕೆಲಸ ಮುಗಿಸಿ ತಡವಾಗಿ ಬಂದವರಿಗೂ ಅದು ಮಡಚಲು ಬರಬೇಕು. ಎರಡು ವರ್ಷ ನಾನು ವಾಫೆಲ್ಲನ್ನು ದೋಸೆಯ ಪಕ್ಕದಲ್ಲಿಟ್ಟು ತೂಗಿದ್ದೆ. ಅದನ್ನು ಇಡಬೇಕಾಗಿದ್ದದ್ದು ಅಕ್ಕಿರೊಟ್ಟಿಯ ಪಕ್ಕದಲ್ಲಿ.

ಇದರ ಹಿಂದಿನ ಕಾರಣ ಸರಳ. ಅಚ್ಚಿನಿಂದ ತೆಗೆದ ಕ್ಷಣದಲ್ಲಿ ವಾಫೆಲ್ಲಿನ ಮೈ ಒಣಗಿರುತ್ತದೆ, ಒಳಗೆ ತೇವವಿರುತ್ತದೆ. ಬಿಡಿಯಾಗಿಟ್ಟರೆ ತೇವ ಗಾಳಿಗೆ ಹಾರುತ್ತದೆ, ಮುಚ್ಚಿಟ್ಟರೆ ಒಳಗಿನಿಂದ ಮೈಗೆ ಬಂದು ಅಲ್ಲಿಯೇ ನೆಲೆಸುತ್ತದೆ. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದಲೂ, ಬೆಣ್ಣೆ ಮತ್ತು ಹಳದಿಭಾಗದ ಜಿಡ್ಡು ಹಿಟ್ಟು ಬಿರುಸಾಗುವುದನ್ನು ತಡೆಯುವುದರಿಂದಲೂ, ಅದು ಸಂಜೆಯವರೆಗೂ ಮೆದುವಾಗಿಯೇ ಇರುತ್ತದೆ. ಸಕ್ಕರೆ ಬೆಣ್ಣೆಗಳನ್ನು ಅರ್ಧಕ್ಕಿಳಿಸಿ ನಾನು ಸಾಧಿಸಿದ್ದ ಆರೋಗ್ಯ ಯಾವ ಬಗೆಯದೆಂದು ಈಗ ತಿಳಿಯುತ್ತದೆ. ಅಕ್ಕಿಯ ವಿಷಯದಲ್ಲಿ ಇನ್ನೊಂದು ತಮಾಷೆಯಿದೆ: ಶನಿವಾರಗಳಂದು ಹಾಲಿನಲ್ಲಿ ಬೇಯಿಸಿದ ಅಕ್ಕಿಯ ಗಂಜಿಯನ್ನು ದಾಲ್ಚಿನ್ನಿ ಸಕ್ಕರೆ ಉದುರಿಸಿ ತಿನ್ನುವುದು ನಾರ್ವೆಯ ಹಳೆಯ ರೂಢಿ, ಉಳಿದ ಗಂಜಿಯನ್ನು ಮರುದಿನ ವಾಫೆಲ್ ಹಿಟ್ಟಿಗೆ ಕಲಸುವುದೂ ರೂಢಿಯೇ. ಅಂದರೆ ಅಕ್ಕಿ ಈ ತಿಂಡಿಗೆ ಹೊರಗಿನದೇನಲ್ಲ. ನಾನು ಹಸಿ ಹಿಟ್ಟು ಹಾಕಿ ಬಿರುಸು ಮಾಡಿದ್ದೆ, ಇವರು ಬೆಂದ ಅನ್ನ ಹಾಕಿ ಮೆದು ಮಾಡುತ್ತಾರೆ.

ಏಲಕ್ಕಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬಂದದ್ದು ಅಲ್ಲಿಯೇ. ನಾರ್ವೆಯವರು ಏಲಕ್ಕಿಯನ್ನು ಬನ್ನಿಗೆ, ಕ್ರಿಸ್‌ಮಸ್ಸಿನ ಬ್ರೆಡ್ಡಿಗೆ, ವಾಫೆಲ್ಲಿಗೆ ಧಾರಾಳವಾಗಿ ಬಳಸುತ್ತಾರೆ, ಆದರೆ ಅಂಗಡಿಯಲ್ಲಿ ಕೊಳ್ಳುವುದು ಬಹುಮಟ್ಟಿಗೆ ಪುಡಿ ಮಾಡಿ ಚಿಕ್ಕ ಪೊಟ್ಟಣದಲ್ಲಿ ತುಂಬಿದ್ದನ್ನು. ಪುಡಿಯಾದ ಏಲಕ್ಕಿ ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಂಡು ಮರದ ಹೊಟ್ಟಿನಂತಾಗುತ್ತದೆ. ನಾನು ಊರಿನಿಂದ ತಂದ ಕಾಯಿಗಳನ್ನು ಬಿಡಿಸಿ, ಕರಿಯ ಬೀಜಗಳನ್ನು ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಾಣಿಯಲ್ಲಿ ಕುಟ್ಟಿ ಕೊಟ್ಟಾಗ ಅಜ್ಜಿ ಬಹಳ ಹೊತ್ತು ಮೂಸುತ್ತ ನಿಂತಿದ್ದರು. ಅವರ ಅಳತೆಯಂತೆ ಇಡೀ ಚಮಚ ಹಾಕಿದ ಆ ದಿನದ ವಾಫೆಲ್ ಪಾಯಸದಂತೆ ಘಮಘಮಿಸಿ, ಜಾಮಿನ ರುಚಿಯನ್ನೇ ನುಂಗಿತು. ಆಗಿನಿಂದ ಅರ್ಧ ಚಮಚವೇ ನಮ್ಮ ಅಳತೆ. ಇಂದು ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ಕಳಿಸುವ ದೇಶ ಗ್ವಾಟೆಮಾಲಾ. ನಮ್ಮ ತಾತನ ಕಾಲದ ಏಲಕ್ಕಿ ತೋಟ ಕಟ್ಟೆ ರೋಗಕ್ಕೆ ಸಿಕ್ಕಿ, ಈಗ ಅಲ್ಲಿ ಕಾಫಿಯೂ ಮೆಣಸಿನ ಬಳ್ಳಿಯೂ ನಿಂತಿವೆ, ಹಳ್ಳದ ಅಂಚಿನ ಒಂದು ಪಟ್ಟಿಯಲ್ಲಿ ಮಾತ್ರ ಮನೆ ಖರ್ಚಿಗೆಂದು ಉಳಿಸಿಕೊಂಡ ಗಿಡಗಳಿವೆ. ಬರ್ಗನ್ನಿನ ಈ ವಾಫೆಲ್ಲಿಗೆ ಬೀಳುವುದು ಆ ಪಟ್ಟಿಯ ಕಾಯಿ.

ಮೇಲೆ ಹಾಕಿಕೊಳ್ಳುವುದರಲ್ಲಿ ಎರಡು ಪಂಥಗಳಿವೆ. ಒಂದು, ಸ್ಟ್ರಾಬೆರಿ ಇಲ್ಲವೇ ರಾಸ್ಬೆರಿ ಜಾಮ್ ಜೊತೆಗೆ ‘ರೊಮ್ಮೆ’ ಎಂಬ ಹುಳಿಕೆನೆ. ಅದರಲ್ಲಿ ಒಳ್ಳೆಯ ಬಗೆಯದಕ್ಕೆ ಶೇ. 35ರಷ್ಟು ಕೊಬ್ಬಿರುತ್ತದೆ, ಚಮಚ ನೆಟ್ಟರೆ ನಿಲ್ಲುತ್ತದೆ. ಇನ್ನೊಂದು, ‘ಬ್ರೂನೂಸ್ಟ್’, ಅಂದರೆ ಕಂದು ಚೀಸ್. ಹೆಸರಿಗೆ ಚೀಸ್ ಆದರೂ ಮಾಡುವ ಬಗೆ ಬೇರೆ: ಚೀಸಿಗಾಗಿ ಹಾಲು ಒಡೆಸಿದ ಮೇಲೆ ಉಳಿಯುವ ತಿಳಿನೀರನ್ನು ತಾಸುಗಟ್ಟಲೆ ಕುದಿಸಿ ಬತ್ತಿಸಿದಾಗ, ಅದರಲ್ಲಿನ ಹಾಲಿನ ಸಕ್ಕರೆ ಕಂದಿ, ಗಟ್ಟಿಯಾಗಿ, ಇಟ್ಟಿಗೆಯಂತೆ ಕಟ್ಟಲು ಬರುತ್ತದೆ. 1863ರಲ್ಲಿ ಗುಡ್‌ಬ್ರಾನ್ಸ್‌ಡಾಲ್ ಕಣಿವೆಯ ಆನ್ನೆ ಹೋವ್ ಎಂಬ ಹೆಣ್ಣುಮಗಳು ಈ ತಿಳಿನೀರಿಗೆ ಕೆನೆ ಸೇರಿಸಿ ಕುದಿಸಿದಳು. ಹಾಗೆ ಹುಟ್ಟಿದ ಕೊಬ್ಬುಳ್ಳ ಚೀಸಿಗೆ ಒಳ್ಳೆಯ ಬೆಲೆ ಸಿಕ್ಕಿ ಇಡೀ ಕಣಿವೆಯ ರೈತರು ಚೇತರಿಸಿಕೊಂಡರು. 1933ರಲ್ಲಿ, ಮುಪ್ಪಿನ ವಯಸ್ಸಿನಲ್ಲಿ, ಆಕೆಗೆ ದೊರೆಯ ಪದಕ ಬಂತು.

ಮೊದಲ ಸಲ ತಿಂದಾಗ ನನ್ನ ಗಂಡ ಧಾರವಾಡ ಪೇಢೆಗೆ ಯಾರೋ ಉಪ್ಪು ಹಾಕಿದ್ದಾರೆ ಎಂದರು. ಅದಕ್ಕಿಂತ ಸರಿಯಾದ ವರ್ಣನೆ ನನಗೆ ಇದುವರೆಗೂ ಸಿಕ್ಕಿಲ್ಲ, ಹಾಲಿನ ಸಕ್ಕರೆ ಮತ್ತು ಹಾಲಿನ ಸತ್ವ ಬಹಳ ಹೊತ್ತು ಬೆಂದು ಕಂದುವುದು ಎರಡರಲ್ಲೂ ಒಂದೇ. ಇದನ್ನು ಚಾಕುವಿನಿಂದ ಕೊಯ್ಯುವುದಿಲ್ಲ. ನಡುವೆ ಸೀಳಿರುವ ಚಪ್ಪಟೆ ಅಲಗಿನ ಒಂದು ಸಾಧನವನ್ನು ಮೇಲೆ ಎಳೆದು ಕಾಗದದಷ್ಟು ತೆಳ್ಳಗೆ ಹೆರೆಯುತ್ತಾರೆ. ಲಿಲ್ಲೆಹಾಮ್ಮರ್ ಊರಿನ ಬಡಗಿ ತೂರ್ ಬ್ಯೋರ್ಕ್ಲುಂಡ್ ತನ್ನ ಉಜ್ಜುಗೊರಡನ್ನು ನೋಡಿಯೇ ಅದನ್ನು ರೂಪಿಸಿ 1925ರಲ್ಲಿ ಪೇಟೆಂಟ್ ಪಡೆದನು. ಬಿಸಿ ವಾಫೆಲ್ಲಿನ ಮೇಲೆ ಆ ಎಳೆಗಳನ್ನು ಹಾಸಿದರೆ ಅಂಚುಗಳು ಬೆವರಿ, ಗೀರುಗಳ ಒಳಗೆ ಅರ್ಧ ಇಳಿದು ಅಲ್ಲಿಯೇ ನಿಲ್ಲುತ್ತವೆ. ಅದರಲ್ಲಿ ಎಷ್ಟು ಕೊಬ್ಬು, ಎಷ್ಟು ಸಕ್ಕರೆ ಇದೆಯೆಂದು ತಿಳಿಯಬೇಕಾದರೆ ಒಂದು ಘಟನೆ ಸಾಕು: 2013ರ ಜನವರಿಯಲ್ಲಿ ಉತ್ತರದ ಟೀಸ್‌ಫ್ಯೋರ್ಡ್ ಬಳಿಯ ಸುರಂಗದಲ್ಲಿ 27 ಟನ್ ಬ್ರೂನೂಸ್ಟ್ ಹೊತ್ತ ಲಾರಿಗೆ ಬೆಂಕಿ ಬಿದ್ದು, ಆ ಚೀಸು ನಾಲ್ಕೈದು ದಿನ ಉರಿಯಿತು. ಅಜ್ಜಿ ಜಾಮಿನ ಪಂಥದವರು. ನಾನು ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುವುದನ್ನು ಅವರು ನೋಡಿಯೂ ನೋಡದಂತಿರುತ್ತಾರೆ.

ಕರ್ನಾಟಕದಲ್ಲಿದ್ದು ಇದನ್ನು ಮಾಡಬೇಕೆನ್ನುವವರಿಗೆ ಹುಳಿಕೆನೆ ಕಷ್ಟವೇನಲ್ಲ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರಿಗೆ ಅಷ್ಟೇ ತಾಜಾ ಕೆನೆ ಬೆರೆಸಿದರೆ ಹತ್ತಿರ ಬರುತ್ತದೆ. ಬ್ರೂನೂಸ್ಟ್ ಮಾತ್ರ ಮನೆಯಲ್ಲಿ ಬಾರದು. ಪನೀರು ಮಾಡಿ ಉಳಿದ ನೀರನ್ನು ಕುದಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಆದರೆ ನಿಂಬೆರಸದಿಂದ ಒಡೆಸಿದ ನೀರಿನ ಹುಳಿ ಬತ್ತುತ್ತ ಬತ್ತುತ್ತ ಇನ್ನೂ ಗಾಢವಾಗಿ ಬಾಯಿಗಿಡಲಾಗದಂತಾಯಿತು. ಬ್ರೂನೂಸ್ಟಿಗೆ ಬೇಕಾದದ್ದು ರೆನ್ನೆಟ್ ಎಂಬ, ಹುಳಿಯಿಲ್ಲದೆ ಹಾಲು ಒಡೆಸುವ ಕಿಣ್ವದಿಂದ ಒಡೆಸಿದ ಸಿಹಿ ನೀರು. ಹೃದಯದ ಅಚ್ಚು ಸಿಗದಿದ್ದರೆ ಬೆಲ್ಜಿಯಂ ಬಗೆಯ ಆಳದ ಅಚ್ಚಿನಲ್ಲಿ ಈ ಹಿಟ್ಟನ್ನು ಎರೆಯಬೇಡಿ, ಗುಳಿಗಳ ನಡುವೆ ಹಸಿಯಾಗಿಯೇ ಉಳಿಯುತ್ತದೆ. ಅದರ ಬದಲು ಇನ್ನೊಂದಿಷ್ಟು ಮೈದಾ ಸೇರಿಸಿ ಕಾವಲಿಯ ಮೇಲೆ ದಪ್ಪಗೆ ಎರೆದು, ಬೆಣ್ಣೆ ಸಕ್ಕರೆ ಸವರಿ ಅರ್ಧಕ್ಕೆ ಮಡಚಿರಿ. ನಾರ್ವೆಯ ಮೋರೆ ಕರಾವಳಿಯ ಫೆರಿಗಳಲ್ಲಿ ‘ಸ್ವೇಲೆ’ ಎಂಬ ಹೆಸರಿನಲ್ಲಿ ಮಾರುವ ದಪ್ಪ ದೋಸೆಗೆ ಅದು ದೂರದ ನೆಂಟ.

ಹೋದ ಮಳೆಗಾಲ ಊರಿಗೆ ಹೋಗುವಾಗ ಅಚ್ಚನ್ನು ಸೀರೆಗಳ ನಡುವೆ ಸುತ್ತಿ ತೆಗೆದುಕೊಂಡು ಹೋದೆ. ವಿದ್ಯುತ್ತಿನ ಒತ್ತಡ ಎರಡೂ ಕಡೆ 230 ವೋಲ್ಟೇ ಆದ್ದರಿಂದ ಪ್ಲಗ್ಗಿಗೊಂದು ಅಡಾಪ್ಟರ್ ಸಿಕ್ಕಿಸಿದರೆ ಸಾಕಾಗಿತ್ತು. ಮೂರನೆಯದು ಬೇಯುತ್ತಿರುವಾಗ ಕರೆಂಟು ಹೋಗಿ, ಮುಕ್ಕಾಲು ತಾಸು ಬಿಟ್ಟು ಬಂದಿತು ಎಂಬುದು ಬೇರೆ ಮಾತು. ಅಮ್ಮ ಮೊದಲನೆಯದನ್ನು ಕೈಗೆತ್ತಿಕೊಂಡು, ಜೋತು ಬಿದ್ದ ಎಸಳನ್ನು ಬೆರಳಿನಿಂದ ಎರಡು ಸಲ ಎತ್ತಿ ಬಿಟ್ಟು, “ಇದು ಬೆಂದಿಲ್ಲ ಕಣೇ, ಮೆತ್ತಗಿದೆ. ಇನ್ನೊಂದು ಸುತ್ತು ಇಡು” ಎಂದರು. “ಇಲ್ಲಮ್ಮ, ಇದು ಇರೋದೇ ಹೀಗೆ. ನಿಮ್ಮ ರೊಟ್ಟಿ ಹಾಗೆ” ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಆದರೆ ಉಳಿದವನ್ನು ರೊಟ್ಟಿಯ ಬುಟ್ಟಿಯಲ್ಲಿ ಪೇರಿಸಿ ಬಟ್ಟೆ ಮುಚ್ಚಿದವರು ಅವರೇ. ರಾತ್ರಿ ಅಪ್ಪ ತಣ್ಣಗಿನದನ್ನೇ ಕೆನೆಮೊಸರು ಮತ್ತು ಬೆಲ್ಲದ ಜೊತೆ ನಾಲ್ಕು ತಿಂದರು, ಎಸಳೆಸಳಾಗಿ ಹರಿದುಕೊಂಡು.

ಈ ವರ್ಷವೂ ಮೇ ತಿಂಗಳ ಸಂದೇಶ ಬಂತು, ಎರಡು ಲೀಟರ್ ಹಿಟ್ಟು ಎಂದೇ. ಹಿಂದಿನ ರಾತ್ರಿ ಏಲಕ್ಕಿ ಕುಟ್ಟಿ, ಬೆಳಗ್ಗೆ ಏಳಕ್ಕೆ ಹಾಲು ಮೊಟ್ಟೆ ಹೊರಗಿಟ್ಟು, ಅಳತೆಯನ್ನು ಇಮ್ಮಡಿ ಮಾಡಿ ಕಲಸಿದೆ. ಟ್ರಂಬೋನ್ ಹುಡುಗನ ತಂದೆ ಈಗಲೂ ಅಚ್ಚಿನ ಬಳಿಯೇ ನಿಲ್ಲುತ್ತಾರೆ, ನನ್ನ ಬಾಟಲಿ ಬಂದಾಗ ಮುಚ್ಚಳ ತೆಗೆದು ಮೂಸಿ ನೋಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟುಗಳೆಲ್ಲ ಖಾಲಿಯಾಗುತ್ತವೆ. ತಳ ಬಳಿದು ಎರೆದ ಕೊನೆಯ ವಾಫೆಲ್ಲಿನಲ್ಲಿ ಎಂದೂ ಐದು ಎಸಳು ಮೂಡುವುದಿಲ್ಲ, ಮೂರೋ ಮೂರೂವರೆಯೋ ಅಷ್ಟೆ. ಅದನ್ನು ಮಾರಲು ಬರುವುದಿಲ್ಲವಾದ್ದರಿಂದ ಅಚ್ಚಿನ ಬಳಿ ಇದ್ದವರ ಪಾಲಾಗುತ್ತದೆ. ಈ ಸಲ ಅದು ನನ್ನ ಪಾಲಿಗೆ ಬಂತು. ಆವಿ ಪೂರ್ತಿ ನಿಲ್ಲುವವರೆಗೆ ಕಾದು, ಅದಾದ ಮೇಲೂ ಒಂದು ನಿಮಿಷ ಬಿಟ್ಟು, ಕೆಂಪಗೆ ಗರಿಗರಿಯಾದ ಮೇಲೆ ತೆಗೆದು, ಬೆಣ್ಣೆ ಸವರಿ, ನಿಂತಲ್ಲಿಯೇ ತಿಂದೆ.